ಕುಣಿಯುವ ಸಂತರು, ಕೆಳಗೆ ನೀರುಳ್ಳಿ ಚೀಲ

ಬುಧವಾರ, ಅಕ್ಟೋಬರ್ 30, 2019

ದೀಪಾವಳಿಗೆಂದು ಮಗಳ ಮನೆಗೆ ಬಂದಿದ್ದೆವು. ಹಬ್ಬ ಮುಗಿಯಿತು. ಮಗಳು, ಅಳಿಯ ಆಫೀಸಿಗೆ ಹೊರಟರೆ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯ ಫ್ಲ್ಯಾಟಿನಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಉತ್ತರಕ್ಕೆ ಸೊನೋಮಾದಲ್ಲಿ ಕಾಡಿಗೆ ಬೆಂಕಿ ಬಿದ್ದಿತ್ತು. ಟಿವಿ ಹಾಕಿದರೆ ಅದೇ ಸುದ್ದಿ. ಎಷ್ಟು ಹೊತ್ತು ಅಂತ ನೋಡುವುದು?

ಪಕ್ಕದ ಫ್ಲ್ಯಾಟಿನಲ್ಲಿ ಒಬ್ಬರು ಅಜ್ಜಿ ಇದ್ದಾರೆ. ನರ್ಸ್ ಆಗಿ ನಿವೃತ್ತರಾದವರು. ಲಿಫ್ಟಿನಲ್ಲಿ ಸಿಕ್ಕಾಗೆಲ್ಲ ನಿಂತು ಮಾತಾಡುತ್ತಾರೆ. 'ಶುಕ್ರವಾರ ನಮ್ಮ ಚರ್ಚಿಗೆ ಬನ್ನಿ, ಕೆಲಸ ಇದೆ' ಅಂದರು. ಪ್ರಾರ್ಥನೆಗೆ ಬನ್ನಿ ಅನ್ನಲಿಲ್ಲ. ಕೆಲಸ ಇದೆ ಅಂದರು. ಹಾಗೆ ಕರೆದದ್ದೇ ನನಗೆ ಇಷ್ಟವಾಯಿತು. ಅವರದು ಪೊಟ್ರೆರೊ ಹಿಲ್‌ನಲ್ಲಿರುವ ಸೇಂಟ್ ಗ್ರೆಗರಿ ಆಫ್ ನಿಸ್ಸಾ ಎಂಬ ಎಪಿಸ್ಕೋಪಲ್ ಚರ್ಚು. 'ಅದಕ್ಕೆ ಮೊದಲು ಗ್ರೇಸ್ ಕೆಥೀಡ್ರಲ್ ನೋಡಿಕೊಂಡು ಬನ್ನಿ. ಅದು ನಮ್ಮ ದೊಡ್ಡಮನೆ' ಅಂತಲೂ ಹೇಳಿದರು.

ನಾವು ಕಾರ್ಕಳದವರು. ಚರ್ಚು ನಮಗೆ ಹೊಸದಲ್ಲ. ಜನವರಿಯಲ್ಲಿ ಅತ್ತೂರು ಚರ್ಚಿನ ಜಾತ್ರೆಗೆ ಹೋಗಿ ಮೇಣದಬತ್ತಿ ಹಚ್ಚಿ ಬಾರದ ಮನೆ ನಮ್ಮ ಬೀದಿಯಲ್ಲಿ ಇರಲಿಕ್ಕಿಲ್ಲ. ಆದರೆ ಅದು ಕೆಥೊಲಿಕ್. ಎಪಿಸ್ಕೋಪಲ್ ಅಂದರೆ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅಮೆರಿಕದ ಕವಲು. ಸ್ವಾತಂತ್ರ್ಯದ ಯುದ್ಧ ಗೆದ್ದ ಮೇಲೆ ಇಂಗ್ಲೆಂಡಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡುವುದು ಇಲ್ಲಿನವರಿಂದ ಆಗದ ಮಾತು. ಹಾಗಾಗಿ 1789ರಲ್ಲಿ ತಮ್ಮದೇ ಸಭೆ ಕಟ್ಟಿಕೊಂಡರು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೀಡ್ರಲ್ ಕೂಡ ಮೊದಲು ಆಂಗ್ಲಿಕನ್ ಚರ್ಚೇ. ದಕ್ಷಿಣ ಭಾರತದ ಆಂಗ್ಲಿಕನ್ನರು 1947ರಲ್ಲಿ ಬೇರೆ ಕೆಲವು ಪಂಗಡಗಳ ಜೊತೆ ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆದರು. ಬೇರು ಹುಡುಕಿದರೆ ನಮ್ಮ ಊರಿನ ಸಿಎಸ್‌ಐನವರೂ ಇವರೂ ಸಂಬಂಧಿಕರೇ.

ಕೇಬಲ್ ಕಾರ್ ಹತ್ತಿ ನಾಬ್ ಹಿಲ್‌ಗೆ ಹೋದೆವು. ಗುಡ್ಡದ ತಲೆಯ ಮೇಲೆ ಗ್ರೇಸ್ ಕೆಥೀಡ್ರಲ್. ಮೊದಲು ಅಲ್ಲಿ ಕ್ರಾಕರ್ ಎಂಬ ರೈಲ್ವೆ ಶ್ರೀಮಂತರ ಬಂಗಲೆಗಳಿದ್ದವು. 1906ರ ಭೂಕಂಪದ ನಂತರದ ಬೆಂಕಿಯಲ್ಲಿ ಎಲ್ಲ ಸುಟ್ಟುಹೋದವು. ಆ ಕುಟುಂಬ ಜಾಗವನ್ನು ಚರ್ಚಿಗೆ ಕೊಟ್ಟಿತು. 1928ರಲ್ಲಿ ಶುರುವಾದ ಕಟ್ಟಡದ ಕೆಲಸ ಮುಗಿದದ್ದು 1964ರಲ್ಲಿ. ಮರುವರ್ಷವೇ ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿ ಪ್ರಸಂಗ ಮಾಡಿದ್ದರು. ಕಿಟಕಿಯ ಬಣ್ಣದ ಗಾಜಿನಲ್ಲಿ ಐನ್‌ಸ್ಟೈನ್ ಇದ್ದಾರೆ. ಚರ್ಚಿನ ಕಿಟಕಿಯಲ್ಲಿ ವಿಜ್ಞಾನಿ! ನನ್ನ ಹೆಂಡತಿ ನೆಲದ ಮೇಲಿನ ಸುತ್ತುದಾರಿಯಲ್ಲಿ ನಿಧಾನ ನಡೆದು ಬಂದಳು. ಫ್ರಾನ್ಸಿನ ಶಾರ್ತ್ರ ಚರ್ಚಿನಲ್ಲಿರುವುದನ್ನು ನೋಡಿ ಮಾಡಿದ್ದಂತೆ. ಪ್ರದಕ್ಷಿಣೆ ಹಾಕಿ ಅಭ್ಯಾಸ ಇದ್ದವಳು, ಒಂದು ತಿರುವೂ ತಪ್ಪಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಗಿಲ ಹತ್ತಿರದ ಒಂದು ಚಿಕ್ಕ ಪ್ರಾರ್ಥನಾ ಕೋಣೆ. ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಮಾಡಿದ್ದು. ಅಲ್ಲಿರುವ ಕಂಚಿನ ಫಲಕ ಕೀತ್ ಹೇರಿಂಗ್ ಎಂಬ ಕಲಾವಿದನದು. 1990ರಲ್ಲಿ, ತಾನೂ ಅದೇ ಕಾಯಿಲೆಯಿಂದ ಸಾಯುವ ಸ್ವಲ್ಪ ಮೊದಲು ಅದನ್ನು ಮಾಡಿ ಮುಗಿಸಿದ. ಈ ಊರು ಆ ಕಾಯಿಲೆಗೆ ಎಷ್ಟು ಹುಡುಗರನ್ನು ಕಳೆದುಕೊಂಡಿತು ಅನ್ನುವುದನ್ನು ಅಜ್ಜಿ ಲಿಫ್ಟಿನಲ್ಲಿ ನಿಂತೇ ಒಮ್ಮೆ ಹೇಳಿದ್ದರು. ಮನೆಯವರೇ ಮುಟ್ಟದ ರೋಗಿಗಳನ್ನು ನೋಡಿಕೊಂಡ ನರ್ಸು ಅವರು.

ಒಟ್ಟಿನಲ್ಲಿ ಗ್ರೇಸ್ ಭವ್ಯವಾಗಿದೆ. ಆದರೆ ನಾವು ಹೋದ ಹೊತ್ತಿಗೆ ಅಲ್ಲಿದ್ದವರು ಹೆಚ್ಚಾಗಿ ನಮ್ಮ ಹಾಗೆ ಫೋಟೋ ತೆಗೆಯುವವರೇ.

ಗುರುವಾರ, ಅಕ್ಟೋಬರ್ 31

ಹ್ಯಾಲೋವೀನ್. ಸಂಜೆ ಬೀದಿ ತುಂಬ ದೆವ್ವ, ಜೇಡ, ಸೂಪರ್‌ಮ್ಯಾನ್ ಮಕ್ಕಳು. ಮಗಳು ತಂದಿಟ್ಟ ಚಾಕಲೇಟು ಎಂಟು ಗಂಟೆಗೆಲ್ಲ ಖಾಲಿ. ನಾಳೆ ಸಕಲ ಸಂತರ ಹಬ್ಬ, ಇದು ಅದರ ಹಿಂದಿನ ರಾತ್ರಿ. ಈಗ ಇಲ್ಲಿ ಸಂತರಿಗಿಂತ ದೆವ್ವಗಳಿಗೇ ವ್ಯಾಪಾರ ಜಾಸ್ತಿ.

ಶುಕ್ರವಾರ, ನವೆಂಬರ್ 1

ನನ್ನ ಹೆಂಡತಿ ಹಳದಿ ಸೀರೆಗೆ ಕೆಂಪು ರವಿಕೆ ಹಾಕಿಕೊಂಡು ಹೊರಟಳು. ರಾಜ್ಯೋತ್ಸವ ಅಲ್ವಾ. ಬಸ್ಸಿನಲ್ಲಿ ಅಜ್ಜಿ ಕೇಳಿಯೇಬಿಟ್ಟರು, ಇವತ್ತು ಏನು ವಿಶೇಷ ಅಂತ. 1956ರಲ್ಲಿ ಕನ್ನಡದ ಊರುಗಳೆಲ್ಲ ಒಂದು ರಾಜ್ಯವಾದ ದಿನ ಅಂದೆ. 'ಹಾಗಾದರೆ ಇಬ್ಬರಿಗೂ ಹಬ್ಬ' ಅಂದರು.

22 ನಂಬರಿನ ಬಸ್ಸು ಇಳಿದು ಸ್ವಲ್ಪ ನಡೆದರೆ ಡಿ ಹಾರೋ ಬೀದಿಯಲ್ಲಿ ಚರ್ಚು. ಹೊರಗೆಲ್ಲ ಮರದ ಹಲಗೆ ಹೊದಿಸಿದ ಕಟ್ಟಡ. ಎದುರಿಗೆ ಹಳೆಯ ಬಿಯರ್ ಕಾರ್ಖಾನೆ. ಈ ಸಭೆ ಶುರುವಾದದ್ದು 1978ರಲ್ಲಿ, ಸ್ವಂತ ಕಟ್ಟಡ ಆದದ್ದು 1995ರಲ್ಲಿ. ನಾವು ಹೋಗುವ ಹೊತ್ತಿಗೆ ಬಾಗಿಲಲ್ಲಿ ಸಾಲು ಹತ್ತಿತ್ತು. ಚೀನಾದ ಅಜ್ಜಿಯರು ಚಕ್ರದ ಚೀಲ ಎಳೆದುಕೊಂಡು ಬಂದಿದ್ದರು. ರಷ್ಯನ್ ಮಾತಾಡುವ ಮುದುಕರು, ಸ್ಪ್ಯಾನಿಷ್ ಮಾತಾಡುವ ತಾಯಂದಿರು, ಬೀದಿಯಲ್ಲೇ ಮಲಗುವವರೆಂದು ನೋಡಿದರೆ ಗೊತ್ತಾಗುವ ಕೆಲವರು.

ಒಳಗೆ ಕಾಲಿಟ್ಟು ತಲೆ ಎತ್ತಿದೆ. ಬಾಯಿ ತೆರೆದದ್ದು ಹಾಗೇ ಉಳಿಯಿತು.

ಎಂಟು ಮೂಲೆಯ ಎತ್ತರದ ಹಜಾರ. ಮೇಲೆ ಸುತ್ತಲೂ ಗೋಡೆಯಲ್ಲಿ ಆಳಿಗಿಂತ ದೊಡ್ಡ 90 ಜನ ಕುಣಿಯುತ್ತಿದ್ದಾರೆ. ನಡುವೆ 12 ಅಡಿಯ ಯೇಸು, ಅವನೂ ಕುಣಿಯುತ್ತಿದ್ದಾನೆ. ಎಲ್ಲರ ತಲೆಯ ಹಿಂದೆ ಚಿನ್ನದ ಪ್ರಭಾವಳಿ. ಮಾರ್ಕ್ ಡ್ಯೂಕ್ಸ್ ಎಂಬ ಕಲಾವಿದ ವರ್ಷಗಟ್ಟಲೆ ಬರೆದು 2009ರಲ್ಲಿ ಮುಗಿಸಿದ ಚಿತ್ರ. ಯಾರು ಯಾರು ಇರಬೇಕು ಅಂತ ಆರಿಸಿದ್ದು ಸಭೆಯ ಜನ. ಹಾಗಾಗಿ ಬರೀ ಚರ್ಚಿನ ಸಂತರಲ್ಲ. ಕರಿಯರ ಹಕ್ಕಿಗೆ ಹೋರಾಡಿದ ಮಾಲ್ಕಮ್ ಎಕ್ಸ್ ಇದ್ದಾರೆ, ಅವರು ಮುಸ್ಲಿಂ. ಆನ್ ಫ್ರಾಂಕ್ ಇದ್ದಾಳೆ, ನಾಜಿಗಳಿಂದ ಅಡಗಿ ಕೂತು ಡೈರಿ ಬರೆದ ಯಹೂದಿ ಹುಡುಗಿ. ಹಾಡುಗಾರ್ತಿ ಎಲ್ಲಾ ಫಿಟ್ಜೆರಾಲ್ಡ್, ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್, ತೋಟದ ಕೂಲಿಕಾರರ ಸಂಘ ಕಟ್ಟಿದ ಸೀಸರ್ ಚಾವೆಜ್, ಇಂಗ್ಲೆಂಡಿನ ಮೊದಲ ಎಲಿಜಬೆತ್ ರಾಣಿ. ನಮ್ಮ ಗಾಂಧೀಜಿಯೂ ಇದ್ದಾರೆ. ಗಾಂಧೀಜಿ ಉಪವಾಸ ಮಾಡಿದ್ದು ಗೊತ್ತು, ದಂಡಿಗೆ ನಡೆದದ್ದು ಗೊತ್ತು. ಕುಣಿದದ್ದನ್ನು ನೋಡಿದ್ದು ಇಲ್ಲೇ ಮೊದಲು.

ಈ ಕುಣಿಯುವ ಸಂತರ ಕೆಳಗೆ, ನಡುಮಧ್ಯದಲ್ಲಿ ಬಲಿಪೀಠ. ಮರದ ಒಂದು ಮೇಜು ಅಷ್ಟೆ. ಅದರ ಸುತ್ತ ನೀರುಳ್ಳಿ ಚೀಲ, ಬಟಾಟೆ, ಕ್ಯಾರೆಟ್, ಕ್ಯಾಬೇಜ್, ಅಕ್ಕಿ, ಬ್ರೆಡ್ಡು. ಸಂತೆಯ ದಿನದ ಹಾಗೆ ರಾಶಿ. ದೇವರ ಜಾಗವನ್ನು ಖಾಲಿ ಮಾಡಿ ಹಿಂದಿನ ಶೆಡ್ಡಿನಲ್ಲಿ ಹಂಚುತ್ತಿಲ್ಲ. ದೇವರ ಮೇಜಿನ ಸುತ್ತಲೇ ಹಂಚುತ್ತಾರೆ. 2000ನೇ ಇಸವಿಯಿಂದ ಹೀಗೇ ನಡೆದು ಬಂದಿದೆ. ಸಾಮಾನು ಬರುವುದು ಹೆಚ್ಚಾಗಿ, ದಾನದ ಆಹಾರ ಕೂಡಿಸಿ ಹಂಚುವ ಇಲ್ಲಿನ ಫುಡ್ ಬ್ಯಾಂಕಿನಿಂದ. ಅದರ ದೊಡ್ಡ ಗೋದಾಮು ಇದೇ ಗುಡ್ಡದ ಆಚೆ ಬದಿಗೆ ಇದೆ.

ಕಾರ್ಡು ತೋರಿಸಿ ಅನ್ನುವುದಿಲ್ಲ. ಸಂಬಳ ಎಷ್ಟು ಅಂತ ಕೇಳುವುದಿಲ್ಲ. ಯಾವ ಧರ್ಮ ಅಂತಂತೂ ಕೇಳುವುದೇ ಇಲ್ಲ. ಬಂದವರು ಸುತ್ತು ಹಾಕುತ್ತಾರೆ, ಒಂದೊಂದು ಕಡೆ ಒಂದೊಂದು ಚೀಲಕ್ಕೆ ಬೀಳುತ್ತದೆ. ಹೊಟ್ಟೆಗೆ ಹಾಕುವಾಗ ಜಾತಿ ಕೇಳದಿರುವುದು ಧರ್ಮಸ್ಥಳ ನೋಡಿದ ನಮಗೆ ದೊಡ್ಡ ಸುದ್ದಿಯೇನಲ್ಲ. ನನಗೆ ಹೊಸದಾಗಿ ಕಂಡದ್ದು ಬೇರೆ. ನನ್ನ ಹೆಂಡತಿಯನ್ನು ನೀರುಳ್ಳಿಯ ಹತ್ತಿರ ನಿಲ್ಲಿಸಿದರು. ಪಕ್ಕದಲ್ಲಿ ಬಟಾಟೆ ಕೊಡುತ್ತಿದ್ದ ಹೆಂಗಸು ಮೊದಲು ಇದೇ ಸಾಲಿನಲ್ಲಿ ನಿಂತು ಸಾಮಾನು ಒಯ್ಯುತ್ತಿದ್ದವರಂತೆ. ಈಗಲೂ ಕೆಲಸ ಮುಗಿದ ಮೇಲೆ ತನ್ನ ಚೀಲ ತುಂಬಿಕೊಂಡೇ ಹೋಗುತ್ತಾರೆ. ಅಂಥವರು ಇಲ್ಲಿ ಬಹಳ. ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ದಾನ ಕೊಡುವವರ ಫೋಟೋ ಪತ್ರಿಕೆಯಲ್ಲಿ ಬರುವ ಊರಿನಿಂದ ಬಂದ ನನಗೆ ಇದು ಬಹಳ ಹಿಡಿಸಿತು.

ನನಗೆ ಸಿಕ್ಕ ಕೆಲಸ ಖಾಲಿ ರಟ್ಟಿನ ಡಬ್ಬ ಬಿಚ್ಚಿ ಚಪ್ಪಟೆ ಮಾಡಿ ಜೋಡಿಸುವುದು. ಊರಿನಲ್ಲಿ ನಾನು ಮಾಡುತ್ತಿದ್ದ ಬ್ಯಾಂಕಿನ ಕೆಲಸಕ್ಕಿಂತ ಸುಖ. ಲೆಕ್ಕ ತಾಳೆಯಾಗಬೇಕು ಅಂತಿಲ್ಲ.

ನಡುವೆ ಕೆಲಸದವರಿಗೆಲ್ಲ ಒಟ್ಟಿಗೆ ಊಟ. ಆಗ ಅಜ್ಜಿ ಬಲಿಪೀಠದ ಕಾಲುಗಳಲ್ಲಿ ಕೆತ್ತಿದ ಅಕ್ಷರ ತೋರಿಸಿದರು. ಒಂದು ಕಡೆ ಗ್ರೀಕ್. ಲೂಕನ ಸುವಾರ್ತೆಯ ಮಾತು: ಇವನು ಪಾಪಿಗಳನ್ನು ಸೇರಿಸಿಕೊಂಡು ಅವರ ಜೊತೆ ಉಣ್ಣುತ್ತಾನೆ. ಯೇಸುವನ್ನು ಹೊಗಳಿದ್ದಲ್ಲ ಅದು, ಆಗದವರು ಮಾಡಿದ ದೂರು. ದೂರನ್ನೇ ತೆಗೆದು ದೇವರ ಮೇಜಿಗೆ ಕೆತ್ತಿಸಿದ್ದಾರೆ! ಇನ್ನೊಂದು ಕಡೆ ನಿನೆವೆಯ ಐಸಾಕ್ ಎಂಬ ಹಳೆಯ ಸಂತನ ಮಾತು. ಯೋಗ್ಯರು, ಅಯೋಗ್ಯರು ಅಂತ ಭೇದ ಮಾಡಬೇಡಿ ಅನ್ನುವ ಅರ್ಥದ್ದು.

ಆಮೇಲೆ ಅಜ್ಜಿ ಒಂದು ಮಾತು ಹೇಳಿದರು. ಎಪಿಸ್ಕೋಪಲ್ ಸಭೆಯವರು ವರ್ಷವಿಡೀ ಒಬ್ಬೊಬ್ಬ ಪುಣ್ಯವಂತರನ್ನು ನೆನೆಯುವ ಪಟ್ಟಿ ಇಟ್ಟುಕೊಂಡಿದ್ದಾರೆ. 'ಅದರಲ್ಲಿ ನಿಮ್ಮ ದೇಶದ ಹೆಂಗಸು ಒಬ್ಬರಿದ್ದಾರೆ. ಏಪ್ರಿಲ್ 5, ಪಂಡಿತಾ ರಮಾಬಾಯಿ.'

ನಾನು ತಟ್ಟೆ ಕೆಳಗಿಟ್ಟೆ. ದೇಶ ಯಾಕೆ, ನಮ್ಮ ತಾಲೂಕೇ! ರಮಾಬಾಯಿಯ ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ ಮಾಳದವರು. ಕಾರ್ಕಳದಿಂದ ಬಜಗೋಳಿ ದಾಟಿ ಕುದುರೆಮುಖದ ಕಡೆ ಹೋದರೆ ಮಾಳ. ಹೆಂಡತಿಗೆ ಸಂಸ್ಕೃತ ಕಲಿಸುತ್ತಾನೆ ಅಂತ ಜನ ತಿರುಗಿಬಿದ್ದಾಗ ಆ ಶಾಸ್ತ್ರಿಗಳು ಸಂಸಾರ ಕಟ್ಟಿಕೊಂಡು ಗಂಗಾಮೂಲದ ಕಾಡಿಗೆ ಹೋದರು. ರಮಾಬಾಯಿ ಹುಟ್ಟಿದ್ದು ಅಲ್ಲೇ, 1858ರಲ್ಲಿ. ಮುಂದೆ ಗಂಡನನ್ನು ಕಳೆದುಕೊಂಡು, ಪುಟ್ಟ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದರು. 1883ರಲ್ಲಿ ಅಲ್ಲಿನ ಆಂಗ್ಲಿಕನ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಆದರೆ ಹೇಳಿದ್ದಕ್ಕೆಲ್ಲ ತಲೆ ಆಡಿಸುವ ಜನ ಅಲ್ಲ. ಗಂಡಸರಿಗೆ ಪಾಠ ಹೇಳಬಾರದು ಅಂತ ಬಿಷಪ್ಪರು ಅಡ್ಡ ಬಂದಾಗ ಅವರ ಜೊತೆಯೂ ವಾದಕ್ಕೆ ಇಳಿದರು. 1886ರಿಂದ ಅಮೆರಿಕ ಸುತ್ತಿ, ವಿಧವೆಯರ ಶಾಲೆಗೆ ಹಣ ಕೂಡಿಸಿ, ಇದೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಹಡಗು ಹತ್ತಿ ಜಪಾನ್ ದಾರಿಯಾಗಿ ಊರಿಗೆ ಮರಳಿದರು. 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು.

ಮಾಳದ ರಸ್ತೆಯಲ್ಲಿ ಎಷ್ಟು ಸಲ ಹೋಗಿದ್ದೇನೋ. ಅಲ್ಲಿ ಯಾರೂ ನನಗೆ ಈ ಹೆಸರು ಎತ್ತಿದವರಲ್ಲ. ಕ್ಯಾಬೇಜ್ ರಾಶಿಯ ಪಕ್ಕ ಕೂತು ಅಮೆರಿಕದ ಅಜ್ಜಿಗೆ ಕಥೆ ಹೇಳಿದ್ದಾಯಿತು. ಅವರು ಕಿವಿಗೊಟ್ಟು ಕೇಳಿ, 'ಬಿಷಪ್ಪರ ಜೊತೆ ಜಗಳ ಆಡಿದ್ದು ನನಗೆ ಗೊತ್ತಿರಲಿಲ್ಲ. ಈಗ ಇನ್ನೂ ಇಷ್ಟವಾದರು' ಅಂದರು.

ಶನಿವಾರ, ನವೆಂಬರ್ 2

ಬೆಳಗ್ಗೆ ಇಬ್ಬರಿಗೂ ಸೊಂಟ ನೋವು. ಸಂಜೆಯವರೆಗೆ ಏನೂ ಮಾಡಲಿಲ್ಲ.

ಇವತ್ತು ಮೆಕ್ಸಿಕೋ ಕಡೆಯವರ ಸತ್ತವರ ಹಬ್ಬ. ಕತ್ತಲಾದ ಮೇಲೆ ಮಿಷನ್ ಬೀದಿಗಳಲ್ಲಿ ಮೆರವಣಿಗೆ. ಮುಖಕ್ಕೆ ತಲೆಬುರುಡೆಯ ಬಣ್ಣ, ಕೈಯಲ್ಲಿ ಮೇಣದಬತ್ತಿ, ರಾಶಿ ರಾಶಿ ಚೆಂಡುಹೂವು. ತೀರಿಕೊಂಡವರ ಫೋಟೋ ಇಟ್ಟು ಅವರಿಗೆ ಇಷ್ಟವಾದ ತಿಂಡಿ ಬಡಿಸಿಡುತ್ತಾರೆ. ನನ್ನ ಹೆಂಡತಿಗೆ ಯಾರೂ ವಿವರಿಸಬೇಕಾಗಿ ಬರಲಿಲ್ಲ. 'ಬೀಡಿ ಒಂದು ಇಟ್ಟಿಲ್ಲ ನೋಡಿ' ಅಂದಳು. ಅವಳ ಅಪ್ಪನಿಗೆ ಎಡೆ ಇಡುವಾಗ ಅದು ಬೇಕೇ ಬೇಕು.

ಭಾನುವಾರ, ನವೆಂಬರ್ 3

ಬೇಸಿಗೆಗೆಂದು ಮುಂದಿಟ್ಟಿದ್ದ ಗಡಿಯಾರವನ್ನು ರಾತ್ರಿ ಈ ದೇಶದ ಹೆಚ್ಚಿನ ಕಡೆ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು. ನಮಗೆ ಒಂದು ಗಂಟೆ ನಿದ್ದೆ ಲಾಭ. ಮಗಳೂ ನಮ್ಮ ಜೊತೆ ಹೊರಟಳು. ಎರಡು ವರ್ಷದಿಂದ ಪಕ್ಕದ ಮನೆಯಲ್ಲಿದ್ದರೂ ಅಜ್ಜಿಯ ಚರ್ಚು ನೋಡಿದವಳಲ್ಲ.

ಬಾಗಿಲಲ್ಲೇ ಹೆಸರು ಬರೆದು ಅಂಗಿಗೆ ಅಂಟಿಸಿಕೊಳ್ಳಬೇಕು. ಇಲ್ಲಿ ಎಲ್ಲ ಮುಂದಕ್ಕೆ ಮುಖ ಮಾಡಿ ಕೂರುವುದಿಲ್ಲ. ಎರಡು ಬದಿಯಲ್ಲಿ ಎದುರುಬದುರು ಸಾಲು. ಎದುರಿನವರು ಆಕಳಿಸಿದರೂ ಕಾಣುತ್ತದೆ. ಒಂದು ತುದಿಯಲ್ಲಿ ಆರಾಧನೆ ನಡೆಸುವವರ ಆಸನ. ನನ್ನ ಹೆಂಡತಿ ನನ್ನ ಮೊಣಕೈ ತಿವಿದಳು. 'ಎಂತದ್ದು ಮಾರಾಯ್ರೆ, ಅಂಬಾರಿ ಅಲ್ವಾ ಅದು?' ಹೌದು, ಅಂಬಾರಿಯೇ. ಥಾಯ್ಲೆಂಡಿನಲ್ಲಿ ಆನೆ ಮೇಲೆ ಕಟ್ಟುವ ಮರದ ಆಸನ. ಪಾದ್ರಿಯ ನಿಲುವಂಗಿ ಆಫ್ರಿಕದ ಬಣ್ಣದ ಬಟ್ಟೆಯದು, ಮೆರವಣಿಗೆಗೆ ಇಥಿಯೋಪಿಯದ ಕೊಡೆಗಳು. ಅಲ್ಲಿಂದ ಒಂದು, ಇಲ್ಲಿಂದ ಒಂದು ತಂದು ಸೇರಿಸಿದ್ದು ಸ್ವಲ್ಪ ಅತಿಯಾಯಿತೇನೋ ಅಂತ ನನಗೆ ಅನಿಸಿದ್ದು ನಿಜ. ಆದರೆ ಅಂಬಾರಿ ಕಂಡ ಮೇಲೆ ದೂರುವ ಮನಸ್ಸು ಬರಲಿಲ್ಲ.

ವಾದ್ಯ ಇಲ್ಲದೆ ಹಾಡುತ್ತಾರೆ, ಅದೂ ಒಂದೇ ಹಾಡನ್ನು ನಾಲ್ಕು ಗುಂಪಾಗಿ, ಬೇರೆ ಬೇರೆ ಸ್ವರದಲ್ಲಿ. ಬೈಬಲ್ ಓದಿದ ಮೇಲೆ ಗಂಟೆ ಬಾರಿಸಿ ಸುಮಾರು ಹೊತ್ತು ಸುಮ್ಮನೆ ಕೂರುತ್ತಾರೆ. ಪ್ರಸಂಗ ಚಿಕ್ಕದು. ಅದು ಮುಗಿದ ಮೇಲಿನದೇ ಇಲ್ಲಿನ ವಿಶೇಷ. ಯಾರು ಬೇಕಾದರೂ ಎದ್ದು ನಿಂತು ಆ ಮಾತಿಗೆ ತಮ್ಮ ಬದುಕಿನಿಂದ ಒಂದು ಅನುಭವ ಸೇರಿಸಬಹುದು. ವಾದ ಮಾಡುವ ಹಾಗಿಲ್ಲ, ಉಪದೇಶ ಮಾಡುವ ಹಾಗಿಲ್ಲ. ಒಬ್ಬ ಹುಡುಗ ಎದ್ದು, ತೀರಿಹೋದ ಅಣ್ಣನ ಬಗ್ಗೆ ಮೂರೇ ಮಾತು ಹೇಳಿ ಕೂತ. ಸಕಲ ಸಂತರ ಭಾನುವಾರ ಆದ್ದರಿಂದ ಒಬ್ಬೊಬ್ಬರೂ ತಮ್ಮ ಸತ್ತವರ ಹೆಸರು ಹೇಳಿದರು. ನನ್ನ ಹೆಂಡತಿ ತನ್ನ ಅಪ್ಪನ ಹೆಸರು ಹೇಳಿದಳು. ಕಾರ್ಕಳದ ಒಂದು ಹೆಸರು ಆ ಗೋಡೆಗಳಿಗೆ ಹೊಸದೇ ಇರಬೇಕು.

ಆಮೇಲೆ ಎಲ್ಲರೂ ಎದ್ದರು. ಮುಂದಿನವರ ಹೆಗಲ ಮೇಲೆ ಕೈ ಇಟ್ಟು, ಹಾಡುತ್ತಾ, ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಹೀಗೆ ಕುಣಿಯುತ್ತಾ ಬಲಿಪೀಠದ ಹಜಾರಕ್ಕೆ ಹೋಗಬೇಕು. ಗುರುತಿಲ್ಲದ ಒಬ್ಬ ದಾಂಡಿಗನ ಹೆಗಲ ಮೇಲೆ ನಾನು ಕೈ ಇಡಬೇಕು! ನಮ್ಮದು ಮುಟ್ಟಿ ಮಾತಾಡುವ ಮನೆತನ ಅಲ್ಲ. ಅತಿಥಿಯನ್ನು ಬರಮಾಡಿಕೊಳ್ಳುವುದು ಮನೆಯವರ ಕೆಲಸ ಮಾತ್ರ ಅಂದುಕೊಂಡಿದ್ದೆ. ಇಲ್ಲಿ ಅತಿಥಿಯೂ ಸ್ವಲ್ಪ ಸಂಕೋಚ ಬಿಟ್ಟುಕೊಡಬೇಕು. ಬಿಟ್ಟೆ. ಹಿಂದಿನ ಹೆಜ್ಜೆ ಬಂದಾಗ ಮಾತ್ರ ನನ್ನ ಮಗಳ ಕಾಲು ನನ್ನ ಹಿಮ್ಮಡಿಗೆ ಸಿಕ್ಕಿತು. 'ಅಪ್ಪಾ, ಮೆಲ್ಲ!'

ಈಗ ರೊಟ್ಟಿ ಮತ್ತು ದ್ರಾಕ್ಷಾರಸ. ಎಪಿಸ್ಕೋಪಲ್ ಸಭೆಯ ನಿಯಮದ ಪ್ರಕಾರ ದೀಕ್ಷಾಸ್ನಾನ ಆದವರಿಗೆ ಮಾತ್ರ ಪ್ರಭುಭೋಜನ. ಸೇಂಟ್ ಗ್ರೆಗರಿಯಲ್ಲಿ ಎಲ್ಲರಿಗೂ, ಯಾರೇ ಆಗಿರಲಿ, ಕೊಡುತ್ತಾರೆ. ಇದರ ಬಗ್ಗೆ ಅವರ ಪಂಗಡದಲ್ಲೇ ದೊಡ್ಡ ಚರ್ಚೆ ಇದೆ. ಇವರು ಕಟ್ಟಡದಲ್ಲೇ ತಮ್ಮ ಉತ್ತರ ಕಟ್ಟಿದ್ದಾರೆ. ಸಾಮಾನ್ಯವಾಗಿ ದೀಕ್ಷಾಸ್ನಾನದ ತೊಟ್ಟಿ ಬಾಗಿಲ ಹತ್ತಿರ ಇರುತ್ತದೆ. ಮೊದಲು ಸ್ನಾನ, ಆಮೇಲೆ ಊಟ. ಇಲ್ಲಿ ತೊಟ್ಟಿ ಬಲಿಪೀಠ ದಾಟಿ ಹೊರಗೆ, ಬಂಡೆಯ ನಡುವೆ ಇದೆ. ಮೊದಲು ಊಟ. ಸ್ನಾನ ನಿಮಗೆ ಬೇಕು ಅನಿಸಿದಾಗ.

ನಾನು ಅಜ್ಜಿಯ ಕಿವಿಯಲ್ಲಿ ಕೇಳಿದೆ, ನಂಬಿಕೆ ಇಲ್ಲದ ನಾವು ತಿಂದರೆ ನಿಮಗೆ ಬೇಜಾರಾಗುವುದಿಲ್ಲವೇ ಅಂತ. ನನಗೆ ಅದು ಪ್ರಸಾದ. ಅವರಿಗೆ ಅದು ಯೇಸುವಿನ ದೇಹ. ಎರಡೂ ಒಂದೇ ಅಂತ ಹೇಳಿಬಿಡುವುದು ಸುಲಭ, ಆದರೆ ಒಂದೇ ಅಲ್ಲ. ಅಜ್ಜಿ ಅಂದರು, 'ಯಾರನ್ನು ಕರೆಯಬೇಕು ಅನ್ನುವುದು ನನ್ನ ಕೈಯಲ್ಲಿಲ್ಲ. ಮೇಜು ನನ್ನದಲ್ಲವಲ್ಲ.' ಅಷ್ಟರಲ್ಲಿ ನನ್ನ ಹೆಂಡತಿ ರೊಟ್ಟಿ ತೆಗೆದುಕೊಂಡು, ತಿಂದು, ಪಕ್ಕದವರಿಗೆ ಕೊಟ್ಟೂ ಆಗಿತ್ತು. ನಾನೂ ತೆಗೆದುಕೊಂಡೆ. ದ್ರಾಕ್ಷಾರಸ ಮಾತ್ರ ಮುಂದಕ್ಕೆ ದಾಟಿಸಿದೆ.

ಬಲಿಪೀಠದ ಸುತ್ತ ಇನ್ನೊಂದು ಕುಣಿತ, ಈ ಸಲ ಕೈ ಹಿಡಿದು ವೃತ್ತದಲ್ಲಿ. ಮೇಲೆ ಗಾಂಧೀಜಿ, ಕೆಳಗೆ ನಾವು. ಅದು ಮುಗಿದದ್ದೇ ತಡ, ಅದೇ ಮೇಜಿನ ಮೇಲೆ ಕಾಫಿ, ಕೇಕು, ಹಣ್ಣು ಬಂದವು.

ಕಾಫಿ ಹೊತ್ತಿನಲ್ಲಿ ಮುಂದಿನ ಕಾರ್ಯಕ್ರಮಗಳ ಮಾತು. ಹಾಡುಗಾರರ ಗುಂಪಿಗೆ ಕ್ರಿಸ್‌ಮಸ್ ಅಭ್ಯಾಸ ಶುರು, ದನಿ ಚೆನ್ನಾಗಿರಬೇಕು ಅಂತಿಲ್ಲ, ಬಂದರೆ ಸಾಕು. ಡಿಸೆಂಬರ್ 1ಕ್ಕೆ ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಸಿದ್ಧವಾಗುವ ವಾರಗಳ, ಮೊದಲ ಭಾನುವಾರ. ಆಸ್ಪತ್ರೆಯಲ್ಲಿರುವ ಒಬ್ಬರ ನಾಯಿಯನ್ನು ಒಂದು ವಾರ ನೋಡಿಕೊಳ್ಳಲು ಜನ ಬೇಕು. ಇದಕ್ಕೆ ತಕ್ಷಣ ನಾಲ್ಕು ಕೈ ಮೇಲೆದ್ದವು. ಮುಂದಿನ ವರ್ಷಕ್ಕೆ ಯಾರು ಎಷ್ಟು ಹಣ ಕೊಡುತ್ತೀರಿ ಅಂತ ಬರೆದುಕೊಡುವ ಚೀಟಿ ಹಂಚಿದಾಗ ಮಾತ್ರ ಒಂದಿಬ್ಬರು ಕೇಕಿನ ಕಡೆ ತಿರುಗಿದರು. ಎಲ್ಲ ಊರಲ್ಲೂ ಒಂದೇ.

ಈ ತಿಂಗಳ 28ಕ್ಕೆ ಥ್ಯಾಂಕ್ಸ್‌ಗಿವಿಂಗ್, ಇಲ್ಲಿನವರು ಮನೆಮಂದಿಯೆಲ್ಲ ಕೂಡಿ ಉಣ್ಣುವ ಹಬ್ಬ. ಅದರ ಮೊದಲು ಸಾಲು ಉದ್ದವಾಗುತ್ತದೆ, ಕೆಲಸಕ್ಕೆ ಕೈ ಬೇಕು ಅಂದರು. ನನ್ನ ಹೆಂಡತಿ ಆಗಲೇ ಹಾಳೆಯಲ್ಲಿ ನಮ್ಮಿಬ್ಬರ ಹೆಸರೂ ಬರೆದಿದ್ದಳು, ನನ್ನನ್ನು ಕೇಳದೆ. ನೀರುಳ್ಳಿ ಅವಳಿಗೆ, ರಟ್ಟಿನ ಡಬ್ಬ ನನಗೆ. ಸಾಲದ್ದಕ್ಕೆ, ಆ ದಿನ ಕೆಲಸದವರ ಊಟಕ್ಕೆ ಚಿತ್ರಾನ್ನ ಮಾಡಿ ತರುತ್ತೇನೆ ಅಂತಲೂ ಒಪ್ಪಿಕೊಂಡಿದ್ದಾಳೆ.

'ಅಮ್ಮ, ನಮ್ಮ ಕುಕ್ಕರ್ ಮೂರು ಲೀಟರಿನದು' ಅಂದಳು ಮಗಳು.

ಅಜ್ಜಿಗೆ ಕುಕ್ಕರ್ ಅನ್ನುವ ಮಾತು ಅರ್ಥವಾಯಿತು. ಚರ್ಚಿನ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಇದೆಯಂತೆ, ಶುಕ್ರವಾರ ತೋರಿಸುತ್ತಾರಂತೆ. ಕರಿಬೇವು ಎಲ್ಲಿ ಸಿಗುತ್ತದೆ ಅನ್ನುವುದು ಮಾತ್ರ ಅವರಿಗೆ ಗೊತ್ತಿಲ್ಲ. ಅದನ್ನು ಅಳಿಯನ ತಲೆಗೆ ಕಟ್ಟಿದ್ದೇವೆ.